ನಮ್ಮ ಅತ್ತಿಗೆಯ ಐದು ಮುಖ

ನಮ್ಮ ಅತ್ತಿಗೆ ಒಬ್ಬರಲ್ಲ, ನಾಲ್ಕು ಜನ ಎಂದು ತೀರ್ಪು ಕೊಟ್ಟವರ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಅವರು ತೋರಿಸಿಯೂ ಇಲ್ಲ. ತಮ್ಮ ಫೋಟೋ ಇರಬೇಕಾದ ಜಾಗದಲ್ಲಿ ಹದ್ದಿನ ಚಿತ್ರ ಹಾಕಿಕೊಂಡು, ಬೇರೆಯವರ ಮುಖ ನಿಜವೋ ಸುಳ್ಳೋ ಎಂದು ಅಳೆಯುವ ದೊಡ್ಡ ಮನುಷ್ಯರು ಅವರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಇರಲಿ. ಈ ವಿಷಯ ಹೇಳಿ ಮುಗಿಸುವವರೆಗೆ ಅದು ಅಲ್ಲಿಂದ ಇಳಿಯುವುದೂ ಬೇಡ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮದು ಇಸ್ತ್ರಿ ಅಂಗಡಿ. ಅಣ್ಣ ಹೋಟೆಲು, ಹಾಸ್ಟೆಲುಗಳಿಂದ ಬಟ್ಟೆಯ ಮೂಟೆ ತಂದು ಹಾಕುತ್ತಾನೆ. ನಾನು ಮುಂದಿನ ಕೌಂಟರಿನಲ್ಲಿ ಕೂತು ಒಂದೊಂದು ಬಟ್ಟೆಗೂ ಚೀಟಿ ಪಿನ್ ಮಾಡುತ್ತೇನೆ, ಗಿರಾಕಿಗಳ ಜತೆ ಜಗಳ ಆಡುತ್ತೇನೆ. ಇಸ್ತ್ರಿ ಮಾಡುವವರು ಅತ್ತಿಗೆ. ಮೇಜಿನ ಮೇಲೆ ಹಾಸಿದ ಕಂಬಳಿ ಅಲ್ಲಲ್ಲಿ ಸುಟ್ಟು ಕಂದಿದೆ, ಆದರೆ ಅವರ ಕೈಯಲ್ಲಿ ಇದುವರೆಗೆ ಒಂದು ಅಂಗಿಯೂ ಸುಟ್ಟಿಲ್ಲ. ಸುಕ್ಕು ಎಲ್ಲಿದ್ದರೂ ಅವರ ಕಣ್ಣಿಗೆ ಬೀಳುತ್ತದೆ. ನೆಂಟರ ಮನೆಗೆ ಹೋದರೆ ಅಲ್ಲಿನ ಕಿಟಕಿ ಪರದೆಯನ್ನು ಕೈಯಿಂದಲೇ ಎಳೆದು ಎಳೆದು ನೆಟ್ಟಗೆ ಮಾಡುವ ಹೆಂಗಸು ಅವರು. ಈ ಗುಣ ಮುಂದೆ ಏನು ಮಾಡಿತು ಎಂದು ಹೇಳುತ್ತೇನೆ.

ಅವರಿಗೆ ಬರೆಯುವ ಹುಚ್ಚು ಹತ್ತಿದ್ದು ಒಬ್ಬ ಗಿರಾಕಿಯಿಂದ. ಬರೆದರೆ ಬಹುಮಾನ ಕೊಡುವ ತಾಣವೊಂದಿದೆ, ನೀವು ಇಷ್ಟು ಚೆನ್ನಾಗಿ ಮಾತಾಡುತ್ತೀರಲ್ಲ, ಅಲ್ಲಿ ಬರೆಯಿರಿ ಎಂದು ಆತ ಹೇಳಿ ಹೋದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಣ್ಣ ಬಿಲ್ಲಿಗೆಂದು ಇಟ್ಟಿದ್ದ ಕಂಪ್ಯೂಟರಿನಲ್ಲಿ ಅತ್ತಿಗೆ ಒಂದು ಪುಟ ತೆರೆದೇಬಿಟ್ಟರು. ಕಾಲರನ್ನು ಅಂಚಿನಿಂದ ಒಳಕ್ಕೆ ಯಾಕೆ ತೀಡಬೇಕು ಎಂದು ಅವರು ಬರೆದ ಮೊದಲ ಲೇಖನವನ್ನು ಒಬ್ಬರೂ ಕಣ್ಣೆತ್ತಿ ನೋಡಲಿಲ್ಲ.

ಆ ತಾಣದ ಲೆಕ್ಕಾಚಾರ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ಓದಿ ಇಷ್ಟಪಟ್ಟವರು ವೋಟು ಒತ್ತುತ್ತಾರೆ, ವೋಟಿಗೆ ತಕ್ಕಂತೆ ಬರೆದವರಿಗೆ ಪಾಯಿಂಟು ಬೀಳುತ್ತದೆ, ಪಾಯಿಂಟನ್ನು ಬೇಕೆಂದಾಗ ಹಣ ಮಾಡಿಕೊಳ್ಳಬಹುದು. ಕೇಳಲು ಎಷ್ಟು ಚಂದ. ಆದರೆ ಎಲ್ಲರ ವೋಟಿನ ತೂಕ ಒಂದೇ ಅಲ್ಲ. ಯಾರ ಬಳಿ ಮೊದಲೇ ಪಾಯಿಂಟು ರಾಶಿ ಬಿದ್ದಿದೆಯೋ ಅವರು ಬೆರಳು ತಾಗಿಸಿದರೆ ಸಾಕು, ಲೇಖನ ಮೇಲಕ್ಕೆ ಹಾರುತ್ತದೆ. ನಮ್ಮಂಥವರು ಊರೆಲ್ಲ ಸೇರಿ ಒತ್ತಿದರೂ ಅದು ಅಲ್ಲಾಡುವುದಿಲ್ಲ. ಹಾಗಾಗಿ ಹಳಬರು ಹಳಬರಿಗೇ ಒತ್ತಿಕೊಂಡು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡು ಸುಖವಾಗಿದ್ದಾರೆ. ಅದರಲ್ಲಿ ಒಬ್ಬ ಮಹಾಶಯ ದಿನಾ ಬೆಳಿಗ್ಗೆ ತನ್ನ ಟೀ ಕಪ್ಪಿನ ಫೋಟೋ ಹಾಕಿ ‘ಎಲ್ಲರಿಗೂ ಶುಭೋದಯ’ ಎಂದು ಬರೆಯುತ್ತಾನೆ. ಕಪ್ಪೂ ಅದೇ, ಮೇಜೂ ಅದೇ, ಶುಭೋದಯವೂ ಅದೇ. ಅವನಿಗೆ ಸುರಿಯುವ ಪಾಯಿಂಟು ನೋಡಿದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತದೆ.

ನಾನಾಗಿದ್ದರೆ ಆ ತಾಣದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅತ್ತಿಗೆ ಹಟಮಾರಿ. ಇಸ್ತ್ರಿ ಪೆಟ್ಟಿಗೆ ಕಾಯುವ ಹೊತ್ತಿನಲ್ಲಿ ಮೊಬೈಲು ಹಿಡಿದು ಇತರರ ಲೇಖನ ಓದಿದರು. ಓದಿದ್ದು ತಿಳಿಯುವ ಹಾಗೆ ನಾಲ್ಕು ಸಾಲು ಪ್ರತಿಕ್ರಿಯೆ ಬರೆದರು. ನಿಧಾನಕ್ಕೆ ಜನ ಅವರ ಪುಟಕ್ಕೂ ಬಂದರು, ‘ಇಸ್ತ್ರಿ ಅಕ್ಕ’ ಎಂದು ಕರೆದರು. ನಾಲ್ಕು ಪಾಯಿಂಟು ಕೂಡಿದ ಮೇಲೆ ಬೇರೆಯವರಾಗಿದ್ದರೆ ಹಳಬರ ಬೆನ್ನು ತಟ್ಟಲು ಹೋಗುತ್ತಿದ್ದರು. ಇವರು ಮಾಡಿದ್ದೇ ಬೇರೆ. ಹೊಸಬರ ಲೇಖನಗಳನ್ನು ಹುಡುಕಿ ಹುಡುಕಿ ಓದಿ, ತಮ್ಮ ವೋಟನ್ನೆಲ್ಲ ಅಲ್ಲಿಗೇ ಹಾಕಿದರು. ತಾವು ಒಂಟಿಯಾಗಿ ಗೋಡೆಗೆ ಮಾತಾಡಿದ ಹಾಗೆ ಬರೆದದ್ದನ್ನು ಅವರು ಮರೆತಿರಲಿಲ್ಲ.

ಕೊನೆಗೆ ಹೊಸಬರು ಅಂಗಡಿಗೇ ಬರತೊಡಗಿದರು. ಮೊದಲು ಬಂದವರು ಬಸ್ಸಿನ ಡ್ರೈವರು, ಖಾಕಿ ಸಮವಸ್ತ್ರ ಇಸ್ತ್ರಿಗೆ ಕೊಡುವವರು. ಆಮೇಲೆ ಪಕ್ಕದ ಆಸ್ಪತ್ರೆಯ ನರ್ಸು. ಮೂರನೆಯವರು ಎದುರು ಸಾಲಿನಲ್ಲಿ ಬೀಗ ರಿಪೇರಿ ಮಾಡುವ ಅಜ್ಜ. ಅವರಿಗೆ ಇಸ್ತ್ರಿ ಮಾಡುವಂಥ ಬಟ್ಟೆಯೇ ಇರಲಿಲ್ಲ, ಸುಮ್ಮನೆ ಮೂಗು ತೂರಿಸಿಕೊಂಡು ಬಂದವರು. ಅತ್ತಿಗೆ ಮೂವರಿಗೂ ಒಂದೇ ಪಾಠ ಹೇಳಿದರು. ಮೊದಲು ನಿಮ್ಮ ಪರಿಚಯ ಬರೆಯಿರಿ, ಕೈಯಲ್ಲಿ ಹೆಸರು, ತಾರೀಖು ಬರೆದ ಹಾಳೆ ಹಿಡಿದು ಫೋಟೋ ಹಾಕಿ, ಇಲ್ಲದಿದ್ದರೆ ನೀವು ನಿಜವಾದ ಮನುಷ್ಯರು ಎಂದು ಯಾರೂ ನಂಬುವುದಿಲ್ಲ. ನನ್ನ ಪುಟಕ್ಕೆ ಬನ್ನಿ ಎಂದು ಯಾರ ಹತ್ತಿರವೂ ಗೋಗರೆಯಬೇಡಿ. ಎಲ್ಲಿಂದಲೂ ಕದಿಯಬೇಡಿ. ನಿಮ್ಮ ಕೆಲಸದ ಬಗ್ಗೆ ಬರೆಯಿರಿ, ಅದನ್ನು ನಿಮ್ಮಷ್ಟು ಬಲ್ಲವರು ಅಲ್ಲಿಲ್ಲ.

ಫೋಟೋ ತೆಗೆದವಳು ನಾನೇ. ಹಿಂದಿನ ಕೋಣೆಯ ಹಸಿರು ಗೋಡೆ, ಮೊಳೆಗೆ ನೇತುಹಾಕಿದ ತಂತಿ ಹ್ಯಾಂಗರುಗಳು, ಮುಂದೆ ಕಾಲು ಸಣ್ಣಗೆ ಕುಂಟುವ ಸ್ಟೂಲು. ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತದೆ. ಮೂವರನ್ನೂ ಅದೇ ಸ್ಟೂಲಿನ ಮೇಲೆ ಕೂರಿಸಿದೆ. ಡ್ರೈವರು, ನರ್ಸು ಬರೆಯುತ್ತಿದ್ದುದೂ ನಮ್ಮ ಕಂಪ್ಯೂಟರಿನಲ್ಲೇ. ಅವರು ಬರೆದು ಮುಗಿಸಿದ ಕೂಡಲೇ ಅತ್ತಿಗೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು. ಇಲ್ಲಿ ಒರಟಾಯಿತು, ಅಲ್ಲಿ ಸಿಟ್ಟು ಕಾಣುತ್ತದೆ, ಹೊಸಬರು ಸಿಟ್ಟು ತೋರಿಸಿದರೆ ಜನ ದೂರ ಹೋಗುತ್ತಾರೆ ಎನ್ನುತ್ತ ಒಂದೊಂದೇ ಸುಕ್ಕು ತೆಗೆಯುತ್ತಿದ್ದರು. ಮುಗಿಯುವ ಹೊತ್ತಿಗೆ ಲೇಖನ ಗಂಜಿ ಹಾಕಿ ತೀಡಿದ ಅಂಗಿಯ ಹಾಗೆ ಲಕಲಕ ಎನ್ನುತ್ತಿತ್ತು. ಡ್ರೈವರು, ನರ್ಸು ಇಬ್ಬರಿಗೂ ವೋಟು ಬರತೊಡಗಿತು. ತಮ್ಮ ಮಾತನ್ನೂ ಕೇಳುವವರಿದ್ದಾರೆ ಎಂಬ ಖುಷಿಗೆ ಡ್ರೈವರು ಬಸ್ಸು ನಿಲ್ಲಿಸಿದಲ್ಲೆಲ್ಲ ಮೊಬೈಲು ತೆಗೆದು ನೋಡುತ್ತಿದ್ದರಂತೆ.

ಅಜ್ಜ ಮಾತ್ರ ಹತ್ತಿರ ಸುಳಿಯಗೊಡಲಿಲ್ಲ. ತಮ್ಮ ಹಳೇ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದರು. ಬೀಗದ ಬಗ್ಗೆ ಎರಡು ಸಾಲು, ಬೀಗ ಕೆಡಿಸಿ ತಂದವನಿಗೆ ನಾಲ್ಕು ಸಾಲು ಬೈಗುಳ. ಇದು ಓದಲು ಚೆನ್ನಾಗಿಲ್ಲ, ಸ್ವಲ್ಪ ಸರಿಮಾಡಿ ಕೊಡುತ್ತೇನೆ ಎಂದು ಅತ್ತಿಗೆ ಕೇಳಿದಾಗ ಅಜ್ಜ ಮೊಬೈಲನ್ನು ಜೇಬಿಗೆ ಹಾಕಿಕೊಂಡುಬಿಟ್ಟರು.

“ಸರಿ ಮಾಡಿದ್ರೆ ಅದು ನಿನ್ನದಾಗುತ್ತೆ ಮಗಳೇ. ನನ್ನದು ಹೀಗೇ ಇರಲಿ,” ಎಂದರು.

ಅವರಿಗೆ ವೋಟೇ ಬರುತ್ತಿರಲಿಲ್ಲ. ಮುದುಕನಿಗೆ ಕೊಬ್ಬು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ ಡ್ರೈವರ ಲೇಖನದ ಕೆಳಗೆ ಹದ್ದು ಬಂದು ಕೂತಿತು. ತಾಣದಲ್ಲಿ ಕಾವಲು ತಂಡ ಎಂದು ಒಂದಿದೆ. ಮೋಸ ಮಾಡುವವರನ್ನು ಹಿಡಿಯುವುದು ಅದರ ಕೆಲಸ, ಅದರ ಮುಖಂಡನೇ ಈ ಹದ್ದು. ಅವನು ಬರೆದದ್ದರ ಸಾರ ಇಷ್ಟು. ಈ ನಾಲ್ಕು ಪುಟಗಳಲ್ಲೂ ಒಂದೇ ಗೋಡೆ, ಒಂದೇ ಸ್ಟೂಲು, ಒಂದೇ ಹ್ಯಾಂಗರು. ಹೆಚ್ಚಿನ ಬರಹಗಳು ಬಂದದ್ದು ಒಂದೇ ಕಂಪ್ಯೂಟರಿನಿಂದ. ಅವುಗಳ ಶೈಲಿಯೂ ಒಂದೇ. ಇಸ್ತ್ರಿ ಅಕ್ಕ ಎಂಬಾಕೆ ಬಾಡಿಗೆ ಮುಖಗಳನ್ನು ತಂದು ಕೂರಿಸಿ, ಸುಳ್ಳು ಪುಟಗಳನ್ನು ತೆರೆದು, ತನಗೆ ತಾನೇ ವೋಟು ಹಾಕಿಕೊಂಡು ಬಹುಮಾನ ಬಾಚುತ್ತಿದ್ದಾಳೆ. ನಾಲ್ಕೂ ಪುಟಗಳನ್ನು ತಡೆಹಿಡಿಯಲಾಗಿದೆ, ವಿಚಾರಣೆ ಮುಗಿದ ಮೇಲೆ ಶಾಶ್ವತವಾಗಿ ಮುಚ್ಚಲಾಗುವುದು.

ನಾಲ್ಕು ಜನರ ಬರಹವೂ ಕಂದು ಬಣ್ಣಕ್ಕೆ ತಿರುಗಿತು. ಮೇಲೆ ಕೆಂಪು ಅಕ್ಷರದಲ್ಲಿ ‘ಮೋಸ’ ಎಂಬ ಪದ. ನಿನ್ನೆಯವರೆಗೂ ಅಕ್ಕಾ ಅಕ್ಕಾ ಎನ್ನುತ್ತಿದ್ದವರು, ಇವರ ಕೈಯಿಂದಲೇ ಮೊದಲ ವೋಟು ಪಡೆದವರು, ನಮಗೆ ಆಗಲೇ ಅನುಮಾನ ಇತ್ತು ಎಂದು ಬರೆದು ಕೈ ತೊಳೆದುಕೊಂಡರು. ಅತ್ತಿಗೆ ಎಲ್ಲ ಓದಿ, ಹೋಗಿ ಮೇಜಿನ ಮುಂದೆ ನಿಂತರು. ಪೆಟ್ಟಿಗೆ ಬಿಸಿಯಾಗಿದೆಯೋ ಇಲ್ಲವೋ ಎಂದೂ ನೋಡದೆ ಒಂದು ಹೊದಿಕೆಯನ್ನು ತೀಡುತ್ತಲೇ ಇದ್ದರು. ಪೆಟ್ಟಿಗೆ ತಣ್ಣಗಿತ್ತು.

ನನ್ನ ಮೈ ಉರಿದುಹೋಯಿತು. ಒಂದು ಟೀ ಕಪ್ಪನ್ನು ವರ್ಷಗಟ್ಟಲೆ ಮಾರಿಕೊಂಡು ತಿನ್ನುವವನ ಬಾಗಿಲಿಗೆ ಈ ಹದ್ದು ಒಮ್ಮೆಯಾದರೂ ಹೋಗಿದೆಯೇ? ಆಗಿಂದಾಗಲೇ ಹಿಂದಿನ ಕೋಣೆಗೆ ನುಗ್ಗಿ ನನ್ನ ಹೆಸರಿನಲ್ಲಿ ಒಂದು ಪುಟ ತೆರೆದೆ. ನನ್ನ ಅತ್ತಿಗೆ ಎಂಥವರು, ನೀವೆಂಥವರು ಎಂದು ಬಾಯಿಗೆ ಬಂದದ್ದನ್ನೆಲ್ಲ ಬರೆದೆ. ಫೋಟೋ ಇಲ್ಲದಿದ್ದರೆ ನಂಬುವುದಿಲ್ಲವಲ್ಲ ಎಂದು ಆ ಸಿಟ್ಟಿನಲ್ಲೂ ಜ್ಞಾಪಿಸಿಕೊಂಡು, ಸ್ಟೂಲಿನ ಮೇಲೆ ಕೂತು ನನ್ನ ಫೋಟೋ ನಾನೇ ತೆಗೆದು ಹಾಕಿದೆ. ಹಸಿರು ಗೋಡೆ, ಹ್ಯಾಂಗರು, ಎಲ್ಲ ಚೆನ್ನಾಗಿ ಬಂದಿತ್ತು. ಮುಚ್ಚಂಜೆಯ ಹೊತ್ತಿಗೆ ಹದ್ದಿನ ಉತ್ತರ ಬಂತು. ಇಸ್ತ್ರಿ ಅಕ್ಕ ಈಗ ಐದನೇ ಮುಖವನ್ನೂ ತೆರೆದಿದ್ದಾಳೆ ಎಂದು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಅವನ ಜತೆ ಮಾತು ಬಿಟ್ಟೆ.

ಡ್ರೈವರ ಗೋಳು ನೋಡಲಾಗುತ್ತಿರಲಿಲ್ಲ. ಡಿಪೋದಲ್ಲಿ ಎಲ್ಲರಿಗೂ ತಮ್ಮ ಪುಟ ತೋರಿಸಿಕೊಂಡಿದ್ದರು. ಈಗ ಅದೇ ಜನ ‘ಮೋಸ’ ಎಂಬ ಪದವನ್ನು ತೋರಿಸಿ ನಗುತ್ತಿದ್ದರು. ನರ್ಸು ಬಂದು, ನಾನು ಇಷ್ಟು ವರ್ಷ ಎಲ್ಲರ ಬಾಯಲ್ಲೂ ‘ಏ ಸಿಸ್ಟರ್’ ಆಗಿದ್ದೆ, ಅಲ್ಲಿ ಒಂದು ಕಡೆ ನನಗೆ ಹೆಸರಿತ್ತು, ಈಗ ಅದೂ ನನ್ನದಲ್ಲವಂತೆ ಎಂದು ಅತ್ತರು. ಅತ್ತಿಗೆ ವಿಚಾರಣೆಗೆ ಅರ್ಜಿ ಹಾಕಿದರು. ತಮ್ಮ ಪುಟ ಹೋದರೆ ಹೋಗಲಿ, ಆ ಮೂವರ ಪುಟ ಉಳಿಯಬೇಕು ಎಂಬುದೊಂದೇ ಅವರ ಹಂಬಲ.

ವಿಚಾರಣೆ ಎಂದರೆ ಎಲ್ಲರೂ ಒಟ್ಟಿಗೆ ಕಂಪ್ಯೂಟರಿನಲ್ಲಿ ಮಾತಾಡುವುದು. ಭಾನುವಾರ ಅಂಗಡಿ ಮುಚ್ಚಿ ಹಿಂದಿನ ಕೋಣೆಯಲ್ಲಿ ಐದೂ ಜನ ಕೂತೆವು. ಡ್ರೈವರು ರಜೆಯ ದಿನವೂ ಸಮವಸ್ತ್ರ ಹಾಕಿಕೊಂಡು ಬಂದಿದ್ದರು. ನಮ್ಮ ಮುಖ ಅವರಿಗೆ ಕಾಣುತ್ತಿತ್ತು, ಅವರ ಕಡೆಯಿಂದ ಹದ್ದಿನ ಚಿತ್ರವೂ ಒಂದು ದನಿಯೂ ಮಾತ್ರ. ಐದು ಜನರನ್ನು ಒಟ್ಟಿಗೆ ನೋಡಿದ ಮೇಲಾದರೂ ತಪ್ಪಾಯಿತು ಎನ್ನಬೇಡವೇ? ಇಲ್ಲ. ಜನರನ್ನು ಕರೆತಂದು ಕೂರಿಸುವುದು ದೊಡ್ಡ ಮಾತಲ್ಲ, ಬರೆದವರು ಯಾರು ಎಂಬುದು ನಮಗೆ ಬೇಕು ಎಂದಿತು ಆ ದನಿ. ಗಂಟಲು ಎಳೆಯದು. ನನ್ನ ಕೈಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ.

ಆಮೇಲೆ ಹದ್ದು ಒಂದು ಸಾಲು ಓದಿತು. “‘ಕನ್ನಡಿಯಲ್ಲಿ ಕಂಡು, ಹೆಸರು ಹೇಳದೆ ಇಳಿದುಹೋಗುವವರೆಲ್ಲ ನನಗೆ ಒಂದು ಗಳಿಗೆಯ ನೆಂಟರು.’ ಇದು ನಿಮ್ಮಲ್ಲಿ ಯಾರ ಲೇಖನದ್ದು?”

ಡ್ರೈವರು ನರ್ಸಿನ ಮುಖ ನೋಡಿದರು. ನರ್ಸು ತಲೆ ಅಲ್ಲಾಡಿಸಿದರು. ಡ್ರೈವರು ಗಂಟಲು ಸರಿಮಾಡಿಕೊಂಡು, ಇದು ಸಿಸ್ಟರದ್ದೇ ಇರಬೇಕು, ಆಸ್ಪತ್ರೆಗೆ ಬಂದುಹೋಗುವವರ ಮಾತು ಎಂದರು.

“ಅದು ಡ್ರೈವರಣ್ಣಂದು,” ಎಂದರು ಅತ್ತಿಗೆ. “ಅವರು ನೋಡಿದ್ದು, ಅವರು ಅಂದುಕೊಂಡಿದ್ದು. ಸಾಲು ನಾನು ಬರೆದೆ.”

ಹದ್ದಿಗೆ ಅಷ್ಟು ಸಾಕಿತ್ತು. ಬೀಗದವರ ಬರಹ ಬೇರೆ ಕೈಯದ್ದೆಂದು ಸ್ಪಷ್ಟವಾಗಿದೆ, ಅವರೊಬ್ಬರ ಪುಟ ತೆರೆಯುತ್ತೇವೆ, ಉಳಿದವು ಮುಚ್ಚುತ್ತವೆ ಎಂದಿತು. ಅಜ್ಜ ಅಲ್ಲಿಯವರೆಗೆ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದರು. ಎದ್ದು ಬಂದು ಕಂಪ್ಯೂಟರಿನ ಮುಂದೆ ಬಗ್ಗಿದರು.

“ನಾನೊಬ್ಬ ಉಳಿದು ಏನು ಮಾಡಲಪ್ಪ? ಒಂದು ಬೀಗಕ್ಕೆ ಇನ್ನೊಂದರ ಕೀಲಿ ಬಿತ್ತು ಅಂತ ಎರಡೂ ಒಂದೇ ಬೀಗ ಆಗಲ್ಲ. ಇವರಿಬ್ಬರನ್ನ ನಿನ್ನ ಕಣ್ಣೆದುರೇ ಬರೆಯೋಕೆ ಕೂರಿಸು. ಈ ತಾಯಿನ ಹೊರಗೆ ಕಳಿಸು. ಆಮೇಲೆ ಹೇಳು.”

ದನಿ ಒಪ್ಪಿತು. ಅತ್ತಿಗೆಯೂ ನಾನೂ ಹೊರಗೆ ಹೋಗಬೇಕು. ಇಬ್ಬರೂ ಕ್ಯಾಮೆರಾದ ಎದುರು ಒಬ್ಬರಾದ ಮೇಲೆ ಒಬ್ಬರು ಬರೆಯಬೇಕು. ತಿದ್ದುವಂತಿಲ್ಲ.

ನಾವು ಮುಂದೆ ಬಂದು ಕೂತೆವು. ಒಳಗಿನಿಂದ ಡ್ರೈವರು ಕೀ ಕುಟ್ಟುವ ಸದ್ದು ತಡೆತಡೆದು ಕೇಳುತ್ತಿತ್ತು. ಅತ್ತಿಗೆ ಬೆರಳು ಮಡಚಿ ಬಿಚ್ಚಿ ಮಾಡುತ್ತಿದ್ದರು. ನರ್ಸಿನ ಸರದಿ ಬಂದಾಗ ಒಳಗಿನಿಂದ ದನಿ ಬಂತು, “ಅಕ್ಕಾ, ಇಲ್ಲಿ ಹೀಗೆ ಬರೀಬಹುದಾ?” ಅತ್ತಿಗೆ ಥಟ್ಟನೆ ಎದ್ದು ಬಾಗಿಲವರೆಗೂ ಹೋದರು. ಅಲ್ಲೇ ನಿಂತರು. ತಿರುಗಿ ಬಂದು, ಆಗಲೇ ತೀಡಿ ಮಡಿಸಿಟ್ಟಿದ್ದ ಯಾರದೋ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದರು, ಮತ್ತೆ ಬಿಚ್ಚಿದರು.

ಡ್ರೈವರು ಏನು ಬರೆದರು ಗೊತ್ತೇ? ದೂರದ ರೂಟಿನಲ್ಲಿ ಮೂತ್ರ ಕಟ್ಟಿಕೊಂಡು ಗಾಡಿ ಓಡಿಸುವುದರ ಬಗ್ಗೆ. ಪ್ರಯಾಣಿಕರು ಬೇಕಾದಲ್ಲಿ ನಿಲ್ಲಿಸು ಎಂದು ಕೂಗುತ್ತಾರೆ, ನನಗೆ ನಿಲ್ಲಿಸಬೇಕಾದಾಗ ತಡವಾಯಿತು ಎಂದು ಬೈಯುತ್ತಾರೆ, ಅದಕ್ಕೇ ಬಾಯಾರಿದರೂ ನೀರು ಕುಡಿಯುವುದಿಲ್ಲ, ಈಗ ಕಿಡ್ನಿ ಕೈಕೊಟ್ಟಿದೆ. ಪೂರ್ಣವಿರಾಮವೇ ಇಲ್ಲ, ಕಾಗುಣಿತ ದೇವರಿಗೇ ಪ್ರೀತಿ. ನರ್ಸು ಬರೆದದ್ದು ರೋಗಿಯ ಮಗನೊಬ್ಬ ಚಿಟಿಕೆ ಹೊಡೆದು ತಮ್ಮನ್ನು ಕರೆದ ಬಗ್ಗೆ. ಆ ಬೆರಳನ್ನು ಹಿಡಿದು ತಿರುಚಬೇಕೆನ್ನಿಸಿತು, ಅದೇ ಕೈಯಿಂದ ಅವನ ಅಪ್ಪನಿಗೆ ನೋವಾಗದ ಹಾಗೆ ಸೂಜಿ ಚುಚ್ಚಿದೆ, ನನಗೆ ಯಾರೂ ಶಭಾಷ್ ಅನ್ನಲಿಲ್ಲ ಎಂದು.

ಅತ್ತಿಗೆ ಎರಡನ್ನೂ ಎರಡೆರಡು ಸಲ ಓದಿದರು. ಆಮೇಲೆ ನನಗೆ ಹೇಳಿದರು. ಈ ಎರಡೂ ಮಾತು ಮೊದಲ ಸಲ ಬರೆದಾಗಲೇ ಇದ್ದವಂತೆ. ಮರ್ಯಾದೆಯಲ್ಲ, ಸಿಟ್ಟು ಕಾಣುತ್ತದೆ ಎಂದು ಇವರೇ ತೆಗೆದುಹಾಕಿದ್ದರಂತೆ.

ಹದ್ದು ಆ ಎರಡು ಬರಹಗಳನ್ನೂ ತಾಣದಲ್ಲಿ ಹಾಕಿತು. ಡ್ರೈವರ ಬರಹದ ಕೆಳಗೆ ವಾಹನ ಓಡಿಸುವವರು ಎಲ್ಲೆಲ್ಲಿಂದಲೋ ಬಂದು ತಮ್ಮ ಕಥೆ ಬರೆದರು. ಇಬ್ಬರ ಪುಟವೂ ತೆರೆಯಿತು. ಕೆಂಪು ಪದ ಹೋಯಿತು. ಅತ್ತಿಗೆಯ ಪುಟವನ್ನು ಮಾತ್ರ, ಬೇರೆಯವರ ಪುಟ ನಡೆಸಿದರೆಂದು, ಶಾಶ್ವತವಾಗಿ ಮುಚ್ಚಿದರು; ಅದರ ಜತೆ ನನ್ನದೂ ಹೋಯಿತು. ಅವರು ಕೂಡಿಟ್ಟ ಪಾಯಿಂಟೂ ಹೋಯಿತು, ಕಾಲರಿನ ಲೇಖನವೂ ಹೋಯಿತು. ಡ್ರೈವರು, ನರ್ಸು, ಅಜ್ಜ ಮೂವರೂ ತಕರಾರು ಬರೆದರು. ವಿಷಯ ಮುಗಿದಿದೆ ಎಂದು ಒಂದು ಸಾಲಿನ ಉತ್ತರ ಬಂತು. ಅತ್ತಿಗೆ ತಪ್ಪು ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಪ್ರೀತಿಯಿಂದ ಕೈ ಹಾಕಿ ಕೆಡಿಸಿದವರಿಗೂ, ಕದ್ದು ತಿನ್ನುವವರಿಗೂ ಒಂದೇ ಶಿಕ್ಷೆಯೇ? ಹೊಸಬರ ಕಡೆ ಒಮ್ಮೆಯೂ ತಿರುಗಿ ನೋಡದವರಿಗೆ ಶಿಕ್ಷೆಯೇ ಇಲ್ಲವೇ? ಆ ವಾರವೂ ಟೀ ಕಪ್ಪು ಬಂದಿತ್ತು. ಶುಭೋದಯವೂ ಆಯಿತು.

ನಾನು ಇದನ್ನೆಲ್ಲ ಅತ್ತಿಗೆಯ ಮುಂದೆ ಕೂಗಾಡಿದಾಗ ಅವರು ಪೆಟ್ಟಿಗೆ ನಿಲ್ಲಿಸಿ ನನ್ನನ್ನು ನೋಡಿದರು.

“ಪುಟ ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೇ. ಆ ಸಾಲು ಓದಿದಾಗ ಡ್ರೈವರಣ್ಣ ಸಿಸ್ಟರ್ ಕಡೆ ತಿರುಗಿ ನೋಡಿದರಲ್ಲ, ಅದು ಹೋಗ್ತಿಲ್ಲ ಮನಸ್ಸಿಂದ.”

ಹೊಸಬರು ಈಗಲೂ ಬರುತ್ತಾರೆ. ಈಗ ಫೋಟೋವನ್ನು ಅವರವರ ಮನೆಯಲ್ಲೇ ತೆಗೆಸಿಕೊಳ್ಳಲು ಹೇಳುತ್ತೇನೆ, ಸ್ಟೂಲನ್ನು ಅಟ್ಟಕ್ಕೆ ಹಾಕಿದ್ದೇನೆ. ಅತ್ತಿಗೆಗೆ ಪುಟವಿಲ್ಲ, ಹಾಕಲು ವೋಟಿಲ್ಲ, ಬರುವ ಪಾಯಿಂಟಿಲ್ಲ. ಓದುವಾಗ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಓದುತ್ತಾರೆ. ಮುಗಿದ ಮೇಲೆ ಆಮೇಲೆ ಏನಾಯಿತು, ಆಗ ನಿಮಗೆ ಏನನ್ನಿಸಿತು ಎಂದು ಕೇಳುತ್ತಾರೆ ಅಷ್ಟೇ. ಕೀಬೋರ್ಡು ಮುಟ್ಟುವುದಿಲ್ಲ.

ಇದನ್ನು ನಾನು ಆ ತಾಣದಲ್ಲಿ ಹಾಕುವಂತಿಲ್ಲ. ಅವರ ಲೆಕ್ಕದಲ್ಲಿ ನಾನು ಈಗಲೂ ಅತ್ತಿಗೆಯ ಐದನೇ ಮುಖ. ಬರೆದು ಮುಗಿಸಿ ಅವರಿಗೆ ಓದಲು ಕೊಟ್ಟೆ. ಟೀ ಕಪ್ಪಿನ ಸಾಲಿಗೆ ಬಂದಾಗ ಸೆರಗಿನಿಂದ ಒಂದು ಕೈ ಹೊರಗೆ ಬಂತು. ಸಿಟ್ಟು ಸ್ವಲ್ಪ ಹೆಚ್ಚಾಯಿತಲ್ಲವೇ ಎಂದರು. ತೆಗೆದುಹಾಕಿ ಬೇಕಾದರೆ ಎಂದು ನಾನೇ ಜಾಗ ಬಿಟ್ಟು ಸರಿದೆ.

ಅವರ ಕೈ ಕೀಬೋರ್ಡಿನ ಹತ್ತಿರದವರೆಗೆ ಹೋಗಿ ನಿಂತಿತು.

“ಬೇಡ,” ಎಂದರು. “ಅದಿಲ್ದಿದ್ರೆ ಇದು ನೀನು ಬರೆದಿದ್ದು ಅಂತ ನಂಗೇ ಗೊತ್ತಾಗಲ್ಲ.”